ಹತ್ತನೆಯ ಗುಳಿ

ಹಿರೇಗುಡ್ಡದ ಗಣಿಯಲ್ಲಿ ಯಾರು ದೊಡ್ಡವರು, ಯಾರು ಸಣ್ಣವರು ಎಂದು ತೀರ್ಮಾನಿಸುತ್ತಿದ್ದುದು ಒಂದು ಮೊಲ. ನಗಬೇಡಿ. ಮ್ಯಾನೇಜರು, ಇಂಜಿನಿಯರು, ಯೂನಿಯನ್ನಿನ ಅಧ್ಯಕ್ಷ ಎಲ್ಲರೂ ಇದ್ದರು. ಆದರೆ ಯಾರಿಗೆ ತಂಪು ಕೇರಿ, ಯಾರಿಗೆ ತಗಡಿನ ಕೇರಿ, ಯಾರ ಮಗಳು ಯಾರ ಮನೆಗೆ ಎಂಬುದೆಲ್ಲ ಕೊನೆಗೆ ಬಂದು ನಿಲ್ಲುತ್ತಿದ್ದುದು ಪ್ರಯೋಗಾಲಯದ ಹಿಂದಿನ ಪಂಜರದಲ್ಲಿ ಕುದುರೆಮೆಂತೆ ಸೊಪ್ಪು ಮೆಲ್ಲುತ್ತ ಕೂತ ಏಳನೇ ನಂಬರಿನ ಹೆಣ್ಣು ಮೊಲದ ಹತ್ತಿರ. ಆ ಮೊಲಕ್ಕೆ ಇದರ ಗಂಧಗಾಳಿಯೂ ಇರಲಿಲ್ಲ.

ರಾಯಚೂರು ಸೀಮೆಯ ಬಿಸಿಲು ಐವತ್ತು ಡಿಗ್ರಿ ಮುಟ್ಟುತ್ತಿದ್ದ ಕಾಲವದು. ಗಣಿ ಮೂರು ಕಿಲೋಮೀಟರು ಆಳಕ್ಕೆ ಇಳಿದಿತ್ತು. ಅಷ್ಟು ಕೆಳಗಿನ ಕಲ್ಲಿನಲ್ಲಿ ಚಿನ್ನದ ಜೊತೆ ಗಂಧಕ ವಿಪರೀತ. ನಾವು ಮೇಲೆ ಉಸಿರಾಡುವ ಗಾಳಿ ಅಲ್ಲಿಗೆ ಹೋದರೆ ಕಲ್ಲೇ ಹೊತ್ತಿಕೊಳ್ಳುತ್ತಿತ್ತು. ಎರಡು ಸಲ ಹೊತ್ತಿಕೊಂಡು ಉರಿದ ಮೇಲೆ ಕಂಪನಿಯವರು ಕೆಳಗಿನ ಗಾಳಿಯನ್ನೇ ತೆಳುವಾಗಿಸಿದರು. ನೂರಕ್ಕೆ ಇಪ್ಪತ್ತೊಂದು ಪಾಲು ಇರಬೇಕಾದ ಆಮ್ಲಜನಕ ಒಂಬತ್ತಕ್ಕೆ ಇಳಿಯಿತು. ಬೆಂಕಿ ನಿಂತಿತು. ಬೆಂಕಿಗೇ ಸಾಲದ ಗಾಳಿ ಮನುಷ್ಯನಿಗೆ ಸಾಕೇ ಎಂಬ ಪ್ರಶ್ನೆಯನ್ನು ಅವರು ಆಮೇಲೆ ಕೇಳಿಕೊಂಡರು.

ಉತ್ತರ ನಮ್ಮ ಜೀವಕೋಶಗಳೊಳಗೇ ಇತ್ತು. ಅಲ್ಲಿ ಹಿಫ್ ಎಂಬ ಪ್ರೋಟೀನು ಸದಾ ಹುಟ್ಟುತ್ತಿರುತ್ತದೆ, ಆಮ್ಲಜನಕ ಸಾಕಷ್ಟಿದ್ದರೆ ಐದೇ ನಿಮಿಷಕ್ಕೆ ಕರಗಿಯೂ ಹೋಗುತ್ತಿರುತ್ತದೆ. ಗಾಳಿ ಕಡಿಮೆಯಾದಾಗ ಮಾತ್ರ ಅದು ಕರಗದೆ ಉಳಿದು ಮೈಗೆಲ್ಲ ಸುದ್ದಿ ಮುಟ್ಟಿಸುತ್ತದೆ: ಎಚ್ಚರ, ಇನ್ನು ಇದ್ದದ್ದರಲ್ಲೇ ಸಂಸಾರ ಮಾಡಬೇಕು. ಕೆಲವರ ಮೈಯಲ್ಲಿ ಈ ಸುದ್ದಿ ಜೋರು, ಕೆಲವರಲ್ಲಿ ಬರೀ ಪಿಸುಮಾತು. ಕಂಪನಿಯ ಕೆಂಪು ಮಾತ್ರೆ ಇದನ್ನು ನೂರು ಪಟ್ಟು ಹೆಚ್ಚಿಸುತ್ತಿತ್ತು. ಸುದ್ದಿಯೇ ಹುಟ್ಟದವನಿಗೆ ಮಾತ್ರೆ ನುಂಗಿಸಿದರೆ ಏನೂ ಆಗುತ್ತಿರಲಿಲ್ಲ, ಸೊನ್ನೆಯನ್ನು ನೂರರಿಂದ ಗುಣಿಸಿದ ಹಾಗೆ.

ಆದ್ದರಿಂದ ಯಾರೊಳಗೆ ಹಿಫ್ ಎಷ್ಟಿದೆ ಎಂದು ಮೊದಲೇ ನೋಡಬೇಕಿತ್ತು. ಆಳುಗಳನ್ನು ಕೊಂಚ ತೆಳು ಗಾಳಿಯ ಕೋಣೆಯಲ್ಲಿ ನಾಲ್ಕು ತಾಸು ಕೂಡಿಸಿ, ಹಿಫ್ ಕರಗಿ ಹೋಗದಂತೆ ಅಲ್ಲೇ ರಕ್ತ ತೆಗೆದು ಔಷಧಿಯಲ್ಲಿ ಕಲಸುತ್ತಿದ್ದರು. ಆ ರಸವನ್ನು ಗಟ್ಟಿ ಗಂಜಿಯಂಥ ಒಂದು ಹಾಳೆಯ ಅಂಚಿನ ಗುಳಿಗಳಿಗೆ ಹನಿಸಿ ಕರೆಂಟು ಹಾಯಿಸಿದರೆ ಪ್ರೋಟೀನುಗಳು ಬೇರೆಬೇರೆಯಾಗಿ ಹರಿಯುತ್ತವೆ. ಹಿಫ್ ಚುಚ್ಚಿಸಿಕೊಂಡ ಮೊಲದ ರಕ್ತದಲ್ಲಿ ಅದನ್ನೇ ಹುಡುಕಿ ಹಿಡಿಯುವ ಪ್ರತಿಕಾಯ ಹುಟ್ಟಿರುತ್ತದೆ. ಅದನ್ನು ಮೇಲೆ ಸುರಿದರೆ ಹಿಫ್ ಇದ್ದಲ್ಲಿ ಮಾತ್ರ ಕಚ್ಚಿ ಕೂತು ಫಿಲ್ಮಿನ ಮೇಲೆ ಕಪ್ಪು ಗೆರೆ ಮೂಡಿಸುತ್ತದೆ. ಜನರ ಬಾಯಲ್ಲಿ ಅದು ಬರೀ ‘ಗೆರೆ’.

ಗೆರೆ ಬಂದವರು ಕೆಳಗಿಳಿದು ದುಡಿಯುತ್ತಿದ್ದರು, ಅವರಿಗೆ ಯಂತ್ರದಿಂದ ತಣ್ಣಗಾಗುವ ಮನೆಗಳ ತಂಪು ಕೇರಿ. ಬರದವರಿಗೆ ತಗಡಿನ ಕೇರಿ. ಅಲ್ಲಿ ಮಧ್ಯಾಹ್ನವೆಲ್ಲ ಒದ್ದೆ ಗೋಣಿಚೀಲ ಹೊದ್ದು ಕೂರಬೇಕು, ಅಲ್ಲಿ ಹುಟ್ಟಿದ ಕೂಸು ಮೊದಲ ಬೇಸಿಗೆ ದಾಟಿದರೆ ಪುಣ್ಯ. ಗೆರೆ ಬಂದ ಮನೆಯಲ್ಲಿ ಗೆರೆ ಊಟ ನಡೆಯುತ್ತಿತ್ತು: ಹೋಳಿಗೆ, ಸೀಕರಣೆ, ಐದು ಮುತ್ತೈದೆಯರು ನಿಂತು ಮುಂಗೈಗೆ ಹಾಕಿಸುವ ಕಪ್ಪು ಗೆರೆಯ ಹಚ್ಚೆ. ಹೆಣ್ಣು ನೋಡಲು ಬಂದವರು ಈಗ ಜಾತಕ ಕೇಳುತ್ತಿರಲಿಲ್ಲ, ಮುಂಗೈ ನೋಡುತ್ತಿದ್ದರು.

ಇಪ್ಪತ್ತು ವರ್ಷದಿಂದ ಆ ಗುಳಿಗಳನ್ನು ತುಂಬುತ್ತ ಬಂದವಳು ಹುಲಿಗೆಮ್ಮ. ವಯಸ್ಸು ಐವತ್ತೆರಡು. ಮೊಲಗಳಿಗೆ ಸೊಪ್ಪು ಹಾಕುವುದರಿಂದ ಹಿಡಿದು ಫಿಲ್ಮು ತೊಳೆಯುವ ತನಕ ಎಲ್ಲ ಅವಳದೇ. ಮೊಲದ ಕೂದಲು ಹೋಗಿ ಹೋಗಿ ಅವಳ ಎದೆ ಸದಾ ಸುಂಯ್ ಎನ್ನುತ್ತಿತ್ತು, ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಅಂಥ ಎದೆ ಕಟ್ಟಿಕೊಂಡು ಕೋಣೆಯಲ್ಲಿ ಕೂತರೆ ಜನ ನಕ್ಕಾರೆಂದು ಅವಳು ತನ್ನ ಗೆರೆಯನ್ನು ಒಮ್ಮೆಯೂ ನೋಡಿಕೊಂಡಿರಲಿಲ್ಲ.

ಅವಳ ಬೆನ್ನಿಗೆ ಅಂಟಿದ ಒಂದು ಪಾಪವಿತ್ತು. ಹದಿನೈದು ವರ್ಷದ ಹಿಂದೆ ಗಂಡ ತಿಪ್ಪಣ್ಣ ಪರೀಕ್ಷೆಗೆ ಕೂತಾಗ, ಅವನ ಗುಳಿಗೆ ಆರು ಹನಿ ಹಾಕುವಲ್ಲಿ ಅವಳು ಒಂದೇ ಹನಿ ಹಾಕಿದ್ದಳು. ಗೆರೆ ಮಂಕಾಗಿ ಬಂತು, ಗಂಡ ಮೇಲೆ ಉಳಿದ. ಅದೇ ವರ್ಷ ಕೆಳಗೆ ಚಾವಣಿ ಕುಸಿದು ಅವನ ಗೆಳೆಯರು ನಾಲ್ವರು ಹೋದರು. ಆಗಲಾದರೂ ಇವಳು ಬಾಯಿ ಮುಚ್ಚಿಕೊಂಡಿರಬಹುದಿತ್ತು. ಪ್ರೀತಿ ಉಕ್ಕಿ ನಿಜ ಹೇಳಿಬಿಟ್ಟಳು. ತಿಪ್ಪಣ್ಣ ಸಂತೋಷಪಡಲಿಲ್ಲ, ಇಡೀ ಕೇರಿಗೆ ಸಾರಿದ. ಕಂಪನಿ ಅದನ್ನು ಗಂಡ ಹೆಂಡಿರ ಜಗಳವೆಂದು ತಳ್ಳಿಹಾಕಿತು, ಒಮ್ಮೆ ಮಂಕು ಬಂದವರಿಗೆ ಎರಡನೇ ಪರೀಕ್ಷೆ ಇರಲಿಲ್ಲ. ಕ್ಯಾಂಟೀನಿನಲ್ಲಿ ಉಳ್ಳಾಗಡ್ಡಿ ಹೆಚ್ಚುವ ಕೆಲಸ ಅವನದಾಯಿತು, ಸುಳ್ಳುಬುರುಕಿ ಎಂಬ ಹೆಸರು ಇವಳದಾಯಿತು. ಅವರ ಮಗಳು ದ್ಯಾಮವ್ವ ತಗಡಿನ ಕೆಳಗೆ, ಅಪ್ಪ ಅವ್ವನನ್ನು ಹಂಗಿಸುವುದನ್ನು ಕೇಳುತ್ತಲೇ ಬೆಳೆದು ಇಪ್ಪತ್ತೆರಡಾದಳು.

ಏಳನೇ ನಂಬರಿನ ಮೊಲ ಆ ವರ್ಷದ ಚೈತ್ರದಲ್ಲಿ ಸತ್ತಿತು. ಅದರ ಪ್ರತಿಕಾಯ ಉಳಿದದ್ದು ಒಂದೇ ಒಂದು ಪುಟ್ಟ ಸೀಸೆಯಷ್ಟು. ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ್ ಚಾರುಲತಾ ಹೆಬ್ಬಾರ್ ಅದನ್ನು ಬೀಗದ ಪೆಟ್ಟಿಗೆಯಲ್ಲಿಟ್ಟರು. ಕೆಲಸಕ್ಕೆ ಹದಿನಾಲ್ಕನೇ ನಂಬರಿನ ಹೊಸ ಮೊಲದ ರಕ್ತ ಬಂತು.

ಹೊಸ ಮೊಲದ ಮೊದಲ ತಂಡಕ್ಕೆ ಒಂಬತ್ತು ಜನರ ಹೆಸರು ಕೂಗಿದ್ದರು. ಗುಳಿಗಳು ಹತ್ತು. ಹತ್ತನೆಯದು ಯಾರಿಗೂ ಸೇರಿದ್ದಲ್ಲ, ಅದು ಖಾಲಿ ಗುಳಿ. ಹಿಫ್ ತಯಾರಿಸುವ ಜೀನನ್ನೇ ಕತ್ತರಿಸಿ ತೆಗೆದ ಜೀವಕೋಶಗಳ ರಸವನ್ನು ದೂರದಿಂದ ತರಿಸಿ ಅದಕ್ಕೆ ಹನಿಸುತ್ತಿದ್ದರು. ಇಲ್ಲದ ವಸ್ತುವಿಗೆ ಗೆರೆ ಬರಬಾರದು. ಬಂದರೆ ಪ್ರತಿಕಾಯ ಸುಳ್ಳು ಹೇಳುತ್ತಿದೆ ಎಂದೇ ಅರ್ಥ. ಇಪ್ಪತ್ತು ವರ್ಷದಲ್ಲಿ ಅಲ್ಲಿ ಒಮ್ಮೆಯೂ ಗೆರೆ ಬಂದಿರಲಿಲ್ಲ. ಅದಕ್ಕೇ ಅದರ ಮೇಲೆ ಯಾರಿಗೂ ಅಷ್ಟು ಭಯಭಕ್ತಿ ಉಳಿದಿರಲಿಲ್ಲ.

“ಒಂದು ಗುಳಿ ಸುಮ್ಮನ ದಂಡ ಮಾಡ್ತೀರಲ್ಲ, ಅದ್ರಾಗ ನನ್ನದು ಹಾಕು,” ಎಂದಳು ದ್ಯಾಮವ್ವ ರೊಟ್ಟಿ ತಟ್ಟುತ್ತ. “ಈ ಸಲ ತಪ್ಪಿದ್ರ ಮತ್ತ ಮುಂದಿನ ವರ್ಷನೇ. ಇನ್ನೊಂದು ಬ್ಯಾಸಿಗಿ ಈ ತಗಡಿನ ಕೆಳಗ ನಾ ಇರಂಗಿಲ್ಲ.”

“ಅದು ದಂಡ ಅಲ್ಲವ್ವ, ಅದು ಸಾಕ್ಷಿ ಇದ್ದಂಗ.”

ಮೂಲೆಯಲ್ಲಿ ಒದ್ದೆ ಗೋಣಿ ಹೊದ್ದು ಕೂತಿದ್ದ ತಿಪ್ಪಣ್ಣ ನಕ್ಕ. “ಯಾರಿಗೆ ಸಾಕ್ಷಿ ಹೇಳ್ತೀ? ನಂದು ಅಳಿಸಿದಿ. ಮಗಳದ್ದೂ ಅಳಿಸಬೇಕಂತ ಮಾಡೀದಿ. ಹಾಕ್ಬ್ಯಾಡ ಬಿಡು. ನಿನ್ನ ಗುಣ ನನಗ ಗೊತ್ತಿಲ್ಲೇನು?”

ಆ ಮಾತು ನಾಟಿತು. ಹದಿನೈದು ವರ್ಷದಿಂದ ಹೊತ್ತ ಹೆಸರನ್ನು ಒಂದು ಸಲಕ್ಕಾದರೂ ಇಳಿಸಬೇಕೆನ್ನಿಸಿತು ಅವಳಿಗೆ. ಮಾರನೆಯ ದಿನ ಪಟ್ಟಿಯ ಕೊನೆಗೆ ದ್ಯಾಮವ್ವನ ಹೆಸರು ಸೇರಿಸಿ ಅವಳನ್ನೂ ಕೋಣೆಯಲ್ಲಿ ಕೂಡಿಸಿದಳು. ಹುಲಿಗೆಮ್ಮ ಖಾಲಿ ಗುಳಿಯ ರಸವನ್ನು ಫ್ರೀಜರಿನಲ್ಲೇ ಬಿಟ್ಟು, ಹತ್ತನೆಯ ಗುಳಿಗೆ ಮಗಳ ರಕ್ತದ ರಸವನ್ನು ಸರಿಯಾಗಿ ಆರು ಹನಿ ಎಣಿಸಿ ಹಾಕಿದಳು. ಒಂದು ಹನಿಯೂ ಹೆಚ್ಚಿಲ್ಲ, ಒಂದು ಹನಿಯೂ ಕಡಿಮೆಯಿಲ್ಲ. ಮಗಳದು ಮಂಕಾಗಿ ಬರಲಿ ಎಂದು ಮನಸ್ಸಿನಲ್ಲಿ ಹುಲಿಗಿ ಅಮ್ಮನಿಗೆ ಹರಕೆ ಹೊತ್ತದ್ದು ಬೇರೆ ಮಾತು, ಕೈಯಂತೂ ಈ ಸಲ ಮೋಸ ಮಾಡಲಿಲ್ಲ.

ಹತ್ತೂ ಗುಳಿಗಳಲ್ಲಿ ಕಾಡಿಗೆ ತೀಡಿದಂಥ ಗೆರೆ.

ಮನೆಯಲ್ಲಿ ಹೋಳಿಗೆ ಬೆಂದಿತು. ತಿಪ್ಪಣ್ಣ ಹದಿನೈದು ವರ್ಷದಲ್ಲಿ ಮೊದಲ ಸಲ ಹೆಂಡತಿಯ ಎಲೆಗೆ ತಾನೇ ತುಪ್ಪ ಬಡಿಸಿದ. ದ್ಯಾಮವ್ವ ಹಚ್ಚೆ ಹಾಕಿಸಿಕೊಂಡು, ತಂಪು ಕೇರಿಯ ಮನೆಯ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಡೀ ಕೇರಿ ಸುತ್ತಿ ಬಂದಳು. ಎಲ್ಲರೂ ಉಂಡರು, ಹುಲಿಗೆಮ್ಮ ಮಾತ್ರ ಎಲೆಯ ಮುಂದೆ ಕೂತು ಗೆರೆಗಳ ಲೆಕ್ಕ ಹಾಕುತ್ತಿದ್ದಳು. ಹತ್ತು ಜನರಲ್ಲಿ ಹತ್ತು ಜನಕ್ಕೂ ಗೆರೆ ಬಂದದ್ದನ್ನು ಅವಳು ಯಾವತ್ತೂ ಕಂಡಿರಲಿಲ್ಲ. ಐದು ಬಂದರೆ ಹೆಚ್ಚು, ಆರು ಬಂದರೆ ಜಾತ್ರೆ.

ಮರುದಿನ ಬೆಳಿಗ್ಗೆ ಅವಳು ಫ್ರೀಜರಿನಿಂದ ಖಾಲಿ ಗುಳಿಯ ರಸ ತೆಗೆದು ಒಂದೇ ಒಂದು ಗುಳಿ ತುಂಬಿ ಪರೀಕ್ಷೆ ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ಫಿಲ್ಮು ತೊಳೆದು ಕಿಟಕಿಯ ಬೆಳಕಿಗೆ ಹಿಡಿದಳು. ಇಲ್ಲದ ಹಿಫ್‌ಗೆ ಗೆರೆ ಬಂದಿತ್ತು. ದಪ್ಪಗೆ, ಕರ್ರಗೆ, ಮಗಳ ಗೆರೆ ಇದ್ದ ಎತ್ತರದಲ್ಲೇ.

ಹದಿನಾಲ್ಕನೇ ಮೊಲದ ಪ್ರತಿಕಾಯ ಹಿಫ್‌ನಷ್ಟೇ ತೂಕದ ಬೇರಾವುದೋ ಪ್ರೋಟೀನನ್ನೂ ಕಚ್ಚುತ್ತಿತ್ತು. ಆ ಪ್ರೋಟೀನು ಎಲ್ಲರ ಮೈಯಲ್ಲೂ ಇರುವಂಥದ್ದು. ಹತ್ತು ಜನರಲ್ಲಿ ಯಾರಿಗೆ ನಿಜವಾದ ಗೆರೆ, ಯಾರಿಗೆ ಸುಳ್ಳು ಗೆರೆ ಎಂದು ಇನ್ನು ದೇವರಿಗೇ ಗೊತ್ತು. ಖಾಲಿ ಗುಳಿಯನ್ನು ಮೊದಲೇ ಹಾಕಿದ್ದರೆ ಅವತ್ತೇ ತಿಳಿಯುತ್ತಿತ್ತು. ಅದನ್ನು ಮಗಳಿಗೆ ಕೊಟ್ಟವಳು ಅವಳೇ.

ಫಿಲ್ಮು ಹಿಡಿದು ಹೆಬ್ಬಾರರ ಕೋಣೆಗೆ ಓಡಿದಳು. ಅವರು ಕನ್ನಡಕ ಏರಿಸಿ ನೋಡಿದರು. ಒಂದು ಗಳಿಗೆ ಅವರ ಮುಖ ಬಿಳಿಚಿದ್ದನ್ನು ಹುಲಿಗೆಮ್ಮ ಕಂಡಳು. ಆಮೇಲೆ ಅದು ಸರಿಹೋಯಿತು.

“ಈ ರಸ ಎಷ್ಟು ಹಳೇದು ಗೊತ್ತುಂಟಾ? ಕೆಟ್ಟಿರ್ತದೆ ಮಾರಾಯ್ತಿ. ಅಲ್ಲ, ಮೊದಲು ಹೇಳು, ಅವತ್ತು ಹತ್ತನೇ ಗುಳಿಗೆ ಇದನ್ನು ಯಾಕೆ ಹಾಕ್ಲಿಲ್ಲ ನೀನು?”

“ತಪ್ಪಾತ್ರಿ ಮೇಡಮ್ಮೋರ. ಕೆಲಸದಿಂದ ತಗೀರಿ ಬೇಕಾದ್ರ. ಆದ್ರ ಬೀಗದಾಗಿನ ಏಳನೇ ಮೊಲದ್ದು ನಾಲ್ಕು ಹನಿ ಕೊಡ್ರಿ. ಹತ್ತು ಮಂದೀದೂ ಮತ್ತೊಮ್ಮೆ ನೋಡೋಣ.”

“ಅದು ಆಪತ್ಕಾಲಕ್ಕೆ ಇಟ್ಟದ್ದು.”

“ಇದು ಆಪತ್ತಲ್ಲೇನ್ರಿ?”

“ಸೋಮವಾರ ಹತ್ತು ಜನ ಇಳೀಬೇಕು ಅಂತ ಮೇಲಿಂದ ಆರ್ಡರ್ ಬಂದಾಗಿದೆ. ನೀನು ಗುಳಿ ಅದಲು ಬದಲು ಮಾಡಿದ್ದು ಗೊತ್ತಾದ್ರೆ ನನ್ನ ಕುರ್ಚಿಯೂ ಹೋಗ್ತದೆ, ನಿನ್ನದೂ ಹೋಗ್ತದೆ. ಆ ಕೆಟ್ಟ ರಸ ಬಿಸಾಡು. ಹೊಸದು ತರಿಸುವಾ.”

ಹೊಸದು ಬರಲು ನಾಲ್ಕು ತಿಂಗಳು. ಕೈಯಲ್ಲಿದ್ದ ಸಾಕ್ಷಿಯನ್ನು ಹುಲಿಗೆಮ್ಮ ತಾನೇ ಕುದಿಸಿ ಚರಂಡಿಗೆ ಚೆಲ್ಲಿದಳು, ಹೆಬ್ಬಾರರು ಬಾಗಿಲಲ್ಲಿ ನಿಂತು ನೋಡಿದರು.

ಮನೆಗೆ ಬಂದು ಮಗಳನ್ನು ಕೂರಿಸಿ ಎಲ್ಲವನ್ನೂ ಬಿಡಿಸಿ ಹೇಳಿದಳು. ದ್ಯಾಮವ್ವ ಸಾಮಾನು ಗಂಟು ಕಟ್ಟುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

“ಗೆರೆ ಸುಳ್ಳಂತ ಮೇಡಮ್ಮೋರು ಹೇಳ್ಯಾರೇನು?”

“ಇಲ್ಲ.”

“ಖಾಲಿ ಗುಳೀದು ಗೆರೆ ಬಂದಿದ್ದು ತೋರಿಸು ಮತ್ತ.”

“ಫಿಲ್ಮು ಅವರು ಇಟ್ಕೊಂಡ್ರು. ರಸ ಚೆಲ್ಲಿಸಿದ್ರು.”

ತಿಪ್ಪಣ್ಣ ತೊಡೆ ತಟ್ಟಿದ. “ಹೇಳಿದ್ದಿಲ್ಲೇನು ನಾನು? ಹದಿನೈದು ವರ್ಷದ ಮ್ಯಾಲೂ ಅದೇ ಆಟ. ತುಪ್ಪ ಹಾಕಿದ ಕೈ ತೊಳ್ಕೋಬೇಕು ನಾನು.”

“ಅವ್ವ,” ಎಂದಳು ದ್ಯಾಮವ್ವ. ದನಿಯಲ್ಲಿ ಸಿಟ್ಟಿರಲಿಲ್ಲ, ಅದು ಇನ್ನೂ ಕೆಟ್ಟದ್ದು. “ನಿನಗ ಅಂಜಿಕಿ ಐತಿ. ನನಗ ಗೊತ್ತೈತಿ. ಅಂಜಿಕ್ಯಾಗ ನೀ ಏನ್ ಬೇಕಾದ್ರೂ ಹೇಳ್ತೀ. ಅಪ್ಪಗ ಅದ್ನೇ ಮಾಡಿದಿ. ಅಪ್ಪ ಬದುಕ್ಯಾನ ಖರೇ, ಹೆಂಗ ಬದುಕ್ಯಾನ ನೋಡು. ನಾ ಹಂಗ ಬದುಕಂಗಿಲ್ಲ.”

ಹುಲಿಗೆಮ್ಮನಿಗೆ ಆಗ ಹೊಳೆದದ್ದು ತನ್ನ ಸುಂಯ್‌ಗುಡುವ ಎದೆ. ಎರಡು ಮೆಟ್ಟಿಲಿಗೆ ಏದುಸಿರು ಬಿಡುವ ಈ ಮುದುಕಿಗೂ ಕಪ್ಪು ಗೆರೆ ಬಂದರೆ, ಗೆರೆ ಸುಳ್ಳೆಂದು ಕುರುಡರಿಗೂ ಕಂಡೀತು.

ಪ್ರಯೋಗಾಲಯದವರಿಗೆ ವರ್ಷದ ಸರದಿಯ ಕಟ್ಟಿರಲಿಲ್ಲ, ಶುಕ್ರವಾರ ಕೋಣೆಯಲ್ಲಿ ಕೂತಳು. ಮೋಸದ ಮಾತೇ ಬರಬಾರದೆಂದು ಹೆಬ್ಬಾರರೇ ಗುಳಿ ತುಂಬಿದರು. ಗೆರೆ ಕಪ್ಪಗೆ ಬಂತು. ಹುಲಿಗೆಮ್ಮ ಫಿಲ್ಮನ್ನು ಕ್ಯಾಂಟೀನಿಗೆ ತಂದು ಊಟದ ಹೊತ್ತಿನಲ್ಲಿ ಎಲ್ಲರ ಮುಂದೆ ಎತ್ತಿ ಹಿಡಿದಳು. “ನೋಡ್ರಿ, ನನಗೂ ಗೆರೆ ಬಂದೈತಿ! ನನ್ನ ಎದಿ ನಿಮಗ ಗೊತ್ತಿಲ್ಲೇನು?”

ಜನ ನೋಡಿದರು. ನೋಡಿ ಅವರಿಗೆ ತಿಳಿದದ್ದೇ ಬೇರೆ. “ಎಲಾ ಇವಳಾ! ಇಪ್ಪತ್ತು ವರ್ಷ ಗೆರೆ ಮುಚ್ಚಿಟ್ಕೊಂಡು ಮ್ಯಾಲೆ ಮೊಲ ಮೇಯಿಸ್ಕೊಂಡು ಕುಂತಾಳ!” ಎಂದಿತು ಒಂದು ದನಿ. ಕ್ಯಾಂಟೀನು ಹೋ ಎಂದು ನಕ್ಕಿತು. ಉಳ್ಳಾಗಡ್ಡಿ ಬುಟ್ಟಿಯ ಹಿಂದೆ ಕೂತ ತಿಪ್ಪಣ್ಣ ತಲೆ ಎತ್ತಲಿಲ್ಲ.

ಉಳಿದದ್ದು ಒಂದೇ ದಾರಿ. ಗೆರೆ ಇದ್ದವರು ಅರವತ್ತು ವಯಸ್ಸಿನ ಒಳಗೆ ಯಾವಾಗ ಇಳಿಯುತ್ತೇನೆಂದರೂ ಕಂಪನಿ ಬೇಡ ಎನ್ನುವಂತಿಲ್ಲ. ಮೊದಲ ದಿನದ ತಂಡದಲ್ಲಿ ಒಬ್ಬರು ಬಿದ್ದರೂ ಇಡೀ ತಂಡ ಮೇಲೆ ಬರಬೇಕೆಂಬ ನಿಯಮವೂ ಇತ್ತು. ಎಲ್ಲರಿಗಿಂತ ಮೊದಲು ಬೀಳುವವಳು ತಾನೇ ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ತಾನು ಬಿದ್ದರೆ ಕಾಲು ತಾಸಿನಲ್ಲಿ ಮಗಳು ಮೇಲೆ. ತನ್ನ ಗತಿ ಏನಾಗುತ್ತದೆಂದು ಅವಳು ಯೋಚಿಸಲಿಲ್ಲ. ಭಾನುವಾರ ಕೆಂಪು ಮಾತ್ರೆ ನುಂಗಿದಳು, ಸೋಮವಾರ ಬೆಳಿಗ್ಗೆ ಮಗಳ ಪಕ್ಕದಲ್ಲಿ ಬಂದು ನಿಂತಳು.

ಆಳುಗಳನ್ನು ಇಳಿಸುವ ಕಬ್ಬಿಣದ ಪೆಟ್ಟಿಗೆಗೆ ಅಲ್ಲಿಯವರು ತೊಟ್ಟಿಲು ಎನ್ನುತ್ತಿದ್ದರು. ತೊಟ್ಟಿಲು ಹನ್ನೊಂದು ನಿಮಿಷ ಇಳಿಯಿತು. ತಳದಲ್ಲಿ ಎರಡು ಉಕ್ಕಿನ ಬಾಗಿಲು, ಅದರಾಚೆ ಆ ಗಾಳಿ. ಆಳುಗಳ ಮೇಲ್ವಿಚಾರಣೆಯ ಮುಕಾದಮ ಮೌಲಾಸಾಬ ಬ್ಯಾಟರಿ ಹಿಡಿದು ಒಬ್ಬೊಬ್ಬರ ತುಟಿ, ಉಗುರು ನೋಡಿದ. “ನೀಲಿ ಆದ್ರ ಹೇಳ್ರಿ, ತಲಿ ತಿರುಗಿದ್ರ ಹೇಳ್ರಿ. ಕಾರಣ ಇಲ್ದ ನಗು ಬಂದ್ರ ಅದನ್ನ ಮೊದಲು ಹೇಳ್ರಿ,” ಎಂದ.

ಹುಲಿಗೆಮ್ಮ ಬೀಳಲು ಕಾದಳು. ಐದು ನಿಮಿಷ ಆಯಿತು, ಹತ್ತಾಯಿತು. ಎದೆಯ ಸುಂಯ್ ಎಂಬ ಸದ್ದು ಕೇಳಿಸುತ್ತಿಲ್ಲವೆಂಬುದು ಅವಳಿಗೆ ತಡವಾಗಿ ಗೊತ್ತಾಯಿತು. ಕೆಳಗೆ ಮೊಲಗಳಿರಲಿಲ್ಲ, ಸೀರೆಗೆ ಅಂಟಿ ಮನೆಗೂ ಬರುತ್ತಿದ್ದ ಅವುಗಳ ಕೂದಲೂ ಇರಲಿಲ್ಲ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಉಸಿರು ತಡೆಯಿಲ್ಲದೆ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಕಲ್ಲಿನ ಬುಟ್ಟಿ ಎತ್ತಿದಳು, ಕೈ ನಡುಗಲಿಲ್ಲ. ಇಪ್ಪತ್ತು ನಿಮಿಷವಾದರೂ ತಲೆ ತಿಳಿಯಾಗಿತ್ತು. ಅವಳ ಗೆರೆ ನಿಜವಾದದ್ದಾಗಿತ್ತು.

ಹಾಗಾದರೆ ತಾನು ಎಂದೋ ಇಳಿಯಬಹುದಿತ್ತು. ತಾನು ಇಳಿದಿದ್ದರೆ ಮಗಳು ಬೆಳೆಯುವುದೇ ತಂಪು ಕೇರಿಯಲ್ಲಿ ಆಗುತ್ತಿತ್ತು, ಅವಳು ಇವತ್ತು ಇಲ್ಲಿಗೆ ಬರುವ ಕಾರಣವೇ ಇರುತ್ತಿರಲಿಲ್ಲ. ಈ ಯೋಚನೆ ಬಂದಾಗ ಅವಳಿಗೆ ನಿಜಕ್ಕೂ ಬಿದ್ದುಬಿಡಬೇಕೆನ್ನಿಸಿತು. ಮೈ ಮಾತ್ರ ಗಟ್ಟಿಯಾಗಿ ನಿಂತೇ ಇತ್ತು, ಹಾಳು ಮೈ.

ಕೊನೆಗೆ ಅವಳು ಬೇಕೆಂದೇ ಬಿದ್ದಳು. ಬುಟ್ಟಿ ಚೆಲ್ಲಿ, ಕಣ್ಣು ಮೇಲೆ ಮಾಡಿ, ಕೈಕಾಲು ಸೆಟೆಸಿ ಮಲಗಿದಳು. ಮೌಲಾಸಾಬ ಓಡಿ ಬಂದು ಬ್ಯಾಟರಿ ಬೆಳಕು ಹಿಡಿದ. ರೆಪ್ಪೆ ಬಿಡಿಸಿದ, ತುಟಿ ನೋಡಿದ, ಉಗುರು ನೋಡಿದ.

“ಹುಲಿಗೆವ್ವ, ತುಟಿ ಎಲಿ ಅಡಿಕಿ ಹಾಕಿದಂಗ ಕೆಂಪಗ ಅದಾವ. ಏಳವ್ವ, ಸಣ್ಣ ಹುಡುಗರಂಗ ಮಾಡಬ್ಯಾಡ.”

ಸುತ್ತ ನಿಂತವರು ನಕ್ಕರು. ದ್ಯಾಮವ್ವ ನಗಲಿಲ್ಲ. ನಾಚಿಕೆಯಿಂದ ಅವಳ ಮುಖ ಕಿರಿದಾಗಿತ್ತು.

“ಇಲ್ಲೂ ನಾಟಕ ಏನವ್ವ? ಎಲ್ಲಾರ ಮುಂದ?” ಎಂದಳು. ಮುಕಾದಮನ ಕಡೆ ತಿರುಗಿ, “ನನ್ನ ಸುರಂಗದ ಕೊನೀ ತುದೀಗೆ ಕಳಸ್ರಿ. ಈಕಿ ಇರೋ ಕಡೆ ನಾ ಇರಂಗಿಲ್ಲ,” ಎಂದಳು. ಕಲ್ಲು ಕೊರೆಯುವ ಹಳಬರ ಗುಂಪೊಂದು ಆ ಕಡೆಗೇ ಹೊರಟಿತ್ತು. ಅವರ ಹಿಂದೆ ಮಗಳ ಟೋಪಿಯ ದೀಪ ಸುರಂಗದಲ್ಲಿ ಸಣ್ಣದಾಗುತ್ತ ಹೋಯಿತು. ಹುಲಿಗೆಮ್ಮ ಎದ್ದು ಓಡಹೊರಟಳು, ಮೌಲಾಸಾಬ ರಟ್ಟೆ ಹಿಡಿದು ನಿಲ್ಲಿಸಿದ.

ಅರ್ಧ ತಾಸಿಗೆ ತಂಡದಲ್ಲಿದ್ದ ಬಸಲಿಂಗ ಎಂಬ ಗಟ್ಟಿಮುಟ್ಟಾದ ಆಳು ಕೂತಲ್ಲೇ ವಾಲಿದ. ಅವನ ತುಟಿ ನೇರಳೆ ಹಣ್ಣಾಗಿತ್ತು. ಅವನನ್ನು ಎತ್ತುವಷ್ಟರಲ್ಲಿ ಇನ್ನೊಬ್ಬ ಹೆಂಗಸು ವಾಂತಿ ಮಾಡಿಕೊಂಡು ಬಿದ್ದಳು. ಗಂಟೆ ಹೊಡೆಯಿತು. ಮೌಲಾಸಾಬ ಹುಲಿಗೆಮ್ಮನ ಮುಖ ನೋಡಿದ, ಅವಳಿಗೆ ದಾರಿ ಬಿಟ್ಟ. ಅವಳು ಆಗಲೇ ಓಡುತ್ತಿದ್ದಳು.

ಅರ್ಧ ಮೈಲಿ. ಐವತ್ತೆರಡು ವರ್ಷದ ಹೆಂಗಸು, ಬೆಂಕಿಗೂ ಸಾಲದ ಗಾಳಿಯಲ್ಲಿ, ಒಮ್ಮೆಯೂ ನಿಲ್ಲದೆ ಓಡಿದಳು. ಕೊರೆಯುವ ಯಂತ್ರದ ಗದ್ದಲದಲ್ಲಿ ಅತ್ತ ಯಾರೂ ಗಂಟೆ ಕೇಳಿರಲಿಲ್ಲ. ದ್ಯಾಮವ್ವ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ನಗುತ್ತಿದ್ದಳು. ಸೊಂಟದ ಬೀಗದ ಕೈಯನ್ನು ಕಲ್ಲಿಗೆ ಚುಚ್ಚಿ ಚುಚ್ಚಿ ತಿರುಗಿಸುತ್ತಿದ್ದಳು.

“ಬಂದಿ ಅವ್ವ? ಬಾ ಒಳಗ,” ಎಂದಳು. “ಮನಿ ಎಷ್ಟು ತಂಪೈತಿ ನೋಡು.”

ಹುಲಿಗೆಮ್ಮ ಮಗಳನ್ನು ಬೆನ್ನ ಮೇಲೆ ಹಾಕಿಕೊಂಡು ಅಷ್ಟೂ ದೂರ ತಂದಳು. ಉಕ್ಕಿನ ಬಾಗಿಲ ಹತ್ತಿರ ಮೌಲಾಸಾಬ ಸೂಜಿ ಹಿಡಿದು ನಿಂತಿದ್ದ. ಬಿದ್ದವರ ರಕ್ತವನ್ನು ಅಲ್ಲೇ ತೆಗೆಯಬೇಕು, ಒಳ್ಳೆಯ ಗಾಳಿ ಸೋಕಿದರೆ ಹಿಫ್ ಕರಗುತ್ತದೆ, ಪರೀಕ್ಷೆ ಕೆಡುತ್ತದೆ. ಈ ನಿಯಮವನ್ನು ಆಳುಗಳಿಗೆ ವರ್ಷ ವರ್ಷವೂ ಕಲಿಸುತ್ತಿದ್ದವಳು ಹುಲಿಗೆಮ್ಮನೇ.

“ಮೊದಲು ತೊಟ್ಟಿಲು ಎತ್ತಸೋ ಸಾಬ! ಕಾಲು ಹಿಡೀತೀನಿ, ಎತ್ತಸು!”

“ಮೂರು ಮಂದೀದು ಮೂರು ನಿಮಿಷ ಅವ್ವ. ತಗೀದಿದ್ರ ಮ್ಯಾಲಿನವರು ಬಾಗಿಲು ತೆರೆಯಂಗಿಲ್ಲ. ನಾ ಏನ್ ಮಾಡ್ಲಿ?” ಅವನ ಸೂಜಿಗೆ ದ್ಯಾಮವ್ವನ ನರ ಎರಡು ಸಲ ತಪ್ಪಿತು. ಮೂರನೆಯ ಸಲ ಹುಲಿಗೆಮ್ಮ ಸೂಜಿ ಕಿತ್ತುಕೊಂಡು ತಾನೇ ಚುಚ್ಚಿದಳು. ಹಾಗೆ ಮಾಡಿದರೆ ಬೇಗ ಆಗುತ್ತದೆಂದು ಚುಚ್ಚಿದಳು. ಎರಡು ಸೀಸೆ ತುಂಬಿತು, ಒಂದು ಔಷಧಿಯಲ್ಲಿ ಕಲಸಿದ್ದು, ಒಂದು ಜೀವಂತ ರಕ್ತ.

ತೊಟ್ಟಿಲು ಏರಲು ಹನ್ನೊಂದು ನಿಮಿಷ. ಬಸಲಿಂಗನೂ ಆ ಹೆಂಗಸೂ ಮೇಲೆ ಬಂದು ಉಳಿದರು, ಅವರು ಬಾಗಿಲ ಹತ್ತಿರವೇ ಬಿದ್ದಿದ್ದರು. ದ್ಯಾಮವ್ವ ಅರ್ಧ ದಾರಿಯಲ್ಲಿ, ಅವ್ವನ ತೊಡೆಯ ಮೇಲೆ, ಸತ್ತಳು.

ಆಪತ್ತು ಬಂದ ಮೇಲೆ ಬೀಗದ ಪೆಟ್ಟಿಗೆ ತೆರೆಯಿತು. ಹೆಬ್ಬಾರರು ಏಳನೇ ಮೊಲದ ಕೊನೆಯ ಹನಿಗಳನ್ನು ಬಳಸಿ ತಂಡದವರೆಲ್ಲರ ರಸವನ್ನು ಮತ್ತೆ ನೋಡಿದರು. ಐವರದು ಕಪ್ಪು. ಇಬ್ಬರದು ಅಷ್ಟಕ್ಕಷ್ಟೆ. ಬಿದ್ದವರಿಬ್ಬರದು ಮಂಕು. ಹುಲಿಗೆಮ್ಮನದು ಎಲ್ಲಕ್ಕಿಂತ ಕಪ್ಪು. ದ್ಯಾಮವ್ವನ ಸಾಲಿನಲ್ಲಿ ಏನೂ ಇರಲಿಲ್ಲ. ಮಂಕೂ ಅಲ್ಲ, ನೆರಳೂ ಅಲ್ಲ, ಬಿಳಿ ಗೋಡೆಯ ಹಾಗೆ ಖಾಲಿ.

“ಇಷ್ಟು ವರ್ಷದಲ್ಲಿ ನಾನು ಇಂಥದ್ದು ನೋಡಿಲ್ಲ,” ಎಂದರು ಹೆಬ್ಬಾರರು. ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು, ಅದರಲ್ಲೇನೂ ಸುಳ್ಳಿರಲಿಲ್ಲ. “ದುಡ್ಡು ಕೊಟ್ಟು ತರಿಸುವ ರಸವೂ ಇಷ್ಟು ಖಾಲಿ ಇರುವುದಿಲ್ಲ. ಆ ಎರಡನೇ ಸೀಸೆಯ ಜೀವಕೋಶಗಳನ್ನು ನಾನು ಬೆಳೆಸಲಿಕ್ಕೆ ಇಟ್ಟಿದ್ದೇನೆ. ಅವು ಸಾಯುವುದಿಲ್ಲ, ಹಾಗೆ ಮಾಡಿದ್ದೇನೆ. ಇನ್ನು ನಮಗೆ ಖಾಲಿ ಗುಳಿಗೆ ಯಾರನ್ನೂ ಬೇಡಬೇಕಾಗಿಲ್ಲ. ನಿನ್ನ ಮಗಳು ಇನ್ನು ಎಷ್ಟು ಜನರನ್ನು ಉಳಿಸ್ತಾಳೆ ಗೊತ್ತುಂಟಾ ಹುಲಿಗೆಮ್ಮ?”

ಅವರು ಹೇಳಿದ್ದು ನಿಜವೇ ಆಯಿತು. ದ್ಯಾಮವ್ವನ ಜೀವಕೋಶಗಳ ಜೊತೆ ಕಲಸಿ, ಹದಿನಾಲ್ಕನೇ ಮೊಲದ ಪ್ರತಿಕಾಯದಲ್ಲಿ ಸುಳ್ಳು ಕಚ್ಚುವುದನ್ನೆಲ್ಲ ಸೋಸಿ ತೆಗೆದರು. ಉಳಿದದ್ದು ಹಿಫ್ ಒಂದನ್ನೇ ಹಿಡಿಯುತ್ತಿತ್ತು. ಆ ಮೇಲೆ ಸುಳ್ಳು ಗೆರೆ ನಂಬಿ ಯಾರೂ ಇಳಿಯಲಿಲ್ಲ. ಆರ್ಡರು ಕೊಟ್ಟವರ ಕೂದಲೂ ಕೊಂಕಲಿಲ್ಲ. ಇಳಿದು ಬಂದ ಹುಲಿಗೆಮ್ಮನ ಗೆರೆ ನಿಜವಾದ್ದರಿಂದ ತಂಪು ಕೇರಿಯ ಮನೆ ಅವಳ ಹೆಸರಿಗೆ ಉಳಿಯಿತು. ಗಂಡ ಹೆಂಡಿರಿಬ್ಬರೂ ಅಲ್ಲಿಗೆ ಹೋದರು. ತಿಪ್ಪಣ್ಣನಿಗೆ ಆ ತಂಪು ಒಗ್ಗಲಿಲ್ಲ. ದಿನವಿಡೀ ಹೊರಗೆ ಸುಡುವ ಕಟ್ಟೆಯ ಮೇಲೆ ಕೂತಿರುತ್ತಿದ್ದ. ಹೆಂಡತಿಯ ಜೊತೆ ಮಾತು ಬಿಟ್ಟಿದ್ದ.

ಹುಲಿಗೆಮ್ಮ ಮತ್ತೆ ಪ್ರಯೋಗಾಲಯಕ್ಕೇ ಹೋದಳು. ಬೆಳಿಗ್ಗೆ ಮೊದಲು ಮೊಲಗಳಿಗೆ ಸೊಪ್ಪು, ಆಮೇಲೆ ಬೆಚ್ಚನೆಯ ಪೆಟ್ಟಿಗೆಯೊಳಗಿನ ಗಾಜಿನ ಬುಡ್ಡಿಗೆ ಕೆಂಪು ನೀರು. ಬುಡ್ಡಿಯ ಮೇಲೆ ‘ಹತ್ತು’ ಎಂದು ಬರೆದಿತ್ತು. ಎರಡು ದಿನ ನೀರು ಬದಲಿಸದಿದ್ದರೆ ಅವು ಸೊರಗುತ್ತಿದ್ದವು. ಅವಳು ಒಂದು ದಿನವೂ ತಪ್ಪಿಸಲಿಲ್ಲ, ಹಬ್ಬದ ದಿನವೂ. ಪರೀಕ್ಷೆಯ ದಿನ ಒಂಬತ್ತು ಗುಳಿ ತುಂಬಿ, ಹತ್ತನೆಯದಕ್ಕೆ ಮಗಳ ರಸವನ್ನು ಸರಿಯಾಗಿ ಆರು ಹನಿ ಎಣಿಸಿ ಹಾಕುತ್ತಿದ್ದಳು.

ಕಾರ್ತಿಕದ ಒಂದು ಮಧ್ಯಾಹ್ನ ತಿಪ್ಪಣ್ಣ ಪ್ರಯೋಗಾಲಯದ ಬಾಗಿಲಲ್ಲಿ ಬಂದು ನಿಂತ. ಹದಿನೈದು ವರ್ಷದಲ್ಲಿ ಅವನು ಅಲ್ಲಿಗೆ ಕಾಲಿಟ್ಟಿರಲಿಲ್ಲ. ಹುಲಿಗೆಮ್ಮ ಒದ್ದೆ ಫಿಲ್ಮನ್ನು ಚಿಮಟಿಗೆಯಲ್ಲಿ ಹಿಡಿದು ಕಿಟಕಿಗೆ ಎತ್ತಿದ್ದಳು.

“ಅದ್ರಾಗ ಆಕೀದು ಯಾವ್ದು?” ಎಂದು ಕೇಳಿದ.

“ಕೊನೀದು.”

“ಗೆರೆ ಬಂದೈತೇನು?”

“ಇಲ್ಲ.”

ಅವನು ಹತ್ತಿರ ಬಂದು ಫಿಲ್ಮನ್ನು ಕೈಗೆ ತೆಗೆದುಕೊಂಡ. ಉಳ್ಳಾಗಡ್ಡಿ ವಾಸನೆಯ ಬೆರಳಿನಿಂದ ಒಂದೊಂದೇ ಸಾಲು ಮುಟ್ಟುತ್ತ ಹತ್ತನೆಯದಕ್ಕೆ ಬಂದ. ಅಲ್ಲಿ ಏನೂ ಇರಲಿಲ್ಲ. ಆಚೆಗಿನ ಬೇವಿನ ಮರ ಅದರ ಮೂಲಕ ಕಾಣುತ್ತಿತ್ತು.

“ಖರೇನ ಹೇಳಿದ್ದಿ ನೀನು,” ಎಂದ.

ಹುಲಿಗೆಮ್ಮ ಅವನ ಕೈಯಿಂದ ಫಿಲ್ಮು ತೆಗೆದುಕೊಂಡು ಒಣಗಲು ಹಾಕಿದಳು. ಆಮೇಲೆ ಪುಸ್ತಕ ತೆರೆದು ಹತ್ತನೆಯ ಗುಳಿಯ ಎದುರಿಗೆ ದಿನವೂ ಬರೆಯುವ ಎರಡು ಪದ ಬರೆದಳು: ಖಾಲಿ. ಸರಿಯಾಗಿದೆ.